ಕ್ಯಾಂಟನ್‌ನ ಫುಟ್‌ಬಾಲ್ ಹಾಲ್ ಆಫ್ ಫೇಮ್: ಪಂಟರ್ ಅಭಿಮಾನಿಯೊಬ್ಬನ ರಿವ್ಯೂ

ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿರುವ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ನಾನು ಕೊಡುವುದು ಐದಕ್ಕೆ ನಾಲ್ಕು ಸ್ಟಾರ್. ಕಟ್ಟಡ ಚೆನ್ನಾಗಿದೆ. ಒಳಗೆ ನೋಡುವುದಕ್ಕೆ ಬೇಕಾದಷ್ಟಿದೆ. ಅಮೆರಿಕನ್ ಫುಟ್‌ಬಾಲಿನ ಗಂಧಗಾಳಿ ಇಲ್ಲದವರಿಗೂ ಅರ್ಧ ದಿನ ಆರಾಮಾಗಿ ಕಳೆಯುತ್ತದೆ. ಒಂದು ಸ್ಟಾರ್ ಕಟ್ ಮಾಡಿದ್ದು ರೇ ಗೈ ಎನ್ನುವ ಪಂಟರ್, ಅಂದರೆ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವ ಆಟಗಾರನ ವಿಷಯಕ್ಕೆ. ಆಟದ ದಿಗ್ಗಜರು ಅಂತ ವೋಟು ಹಾಕಿ ಆರಿಸಿ 350ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡಿರುವ ಈ ಜಾಗದಲ್ಲಿ ಬರೀ ಪಂಟರ್ ಆಗಿ ಆಡಿ ಒಳಗೆ ಬಂದವನು ಇಲ್ಲಿವರೆಗೆ ಅವನೊಬ್ಬನೇ. ಅವನ ಹೆಸರು ಪರಿಗಣನೆಗೆ ಬಂದಿದ್ದು 1992ರಲ್ಲಿ, ಒಳಗೆ ಬಿಟ್ಟಿದ್ದು 2014ರಲ್ಲಿ. ಇದು ಮ್ಯೂಸಿಯಂ ನೋಡಿಕೊಳ್ಳುವವರ ತಪ್ಪಲ್ಲ, ವೋಟು ಹಾಕುವವರದ್ದು. ಆದರೂ ಸ್ಟಾರ್ ಎಲ್ಲಿಂದಾದರೂ ಕತ್ತರಿಸಲೇಬೇಕಲ್ವಾ.

ಕ್ಲೀವ್‌ಲ್ಯಾಂಡ್, ಕೊಲಂಬಸ್ ಕಡೆ ಇರುವ ನಮ್ಮವರಿಗೆ ಈ ಜಾಗ ಹೇಳಿ ಮಾಡಿಸಿದ ಹಾಗಿದೆ. ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬರುತ್ತಾರೆ. ನಯಾಗರ ಆಯಿತು, ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನ ಆಯಿತು, ಇನ್ನು ಎಲ್ಲಿಗೆ ಅಂತ ಎಲ್ಲರ ಮನೆಯಲ್ಲೂ ಒಂದು ಶನಿವಾರ ಪ್ರಶ್ನೆ ಏಳುತ್ತದೆ. ಕ್ಲೀವ್‌ಲ್ಯಾಂಡಿನಿಂದ 77ನೇ ಹೈವೇ ಹಿಡಿದು ದಕ್ಷಿಣಕ್ಕೆ ಬಂದರೆ ಒಂದು ಗಂಟೆ, ಕೊಲಂಬಸ್‌ನಿಂದ ಎರಡು ಗಂಟೆ. ಹೈವೇ ಪಕ್ಕದಲ್ಲೇ ಇದೆ. ಫುಟ್‌ಬಾಲಿನ ಆಕಾರದಲ್ಲಿ ಮೇಲಕ್ಕೆದ್ದಿರುವ ಗುಮ್ಮಟವೇ ಗುರುತು.

ಇಷ್ಟು ಸಣ್ಣ ಊರಿಗೆ ಈ ಮ್ಯೂಸಿಯಂ ಯಾಕೆ ಬಂತು ಅಂದರೆ, ಲೀಗ್ ಹುಟ್ಟಿದ್ದೇ ಇಲ್ಲಿ. 1920ರ ಸೆಪ್ಟೆಂಬರ್ 17ರಂದು ರಾಲ್ಫ್ ಹೇ ಎನ್ನುವವರ ಕಾರ್ ಶೋರೂಮಿನಲ್ಲಿ ಕೆಲವು ಟೀಮುಗಳವರು ಸೇರಿ ಒಂದು ಸಂಘ ಮಾಡಿಕೊಂಡರು, ಎರಡು ವರ್ಷ ಬಿಟ್ಟು ಅದೇ ಎನ್‌ಎಫ್‌ಎಲ್ (ನ್ಯಾಷನಲ್ ಫುಟ್‌ಬಾಲ್ ಲೀಗ್) ಆಯಿತು. ಕುರ್ಚಿ ಸಾಲದೆ ಕೆಲವರು ಕಾರಿನ ಫುಟ್‌ಬೋರ್ಡ್ ಮೇಲೆ ಕೂತಿದ್ದರಂತೆ. ಕ್ಯಾಂಟನ್ ಬುಲ್‌ಡಾಗ್ಸ್ ಪರ ಆಡುತ್ತಿದ್ದ ಜಿಮ್ ಥಾರ್ಪ್ ಮೊದಲ ಅಧ್ಯಕ್ಷ. ಒಳಗೆ ಕಾಲಿಟ್ಟ ಕೂಡಲೇ ಕಾಣುವ ದೊಡ್ಡ ಕಂಚಿನ ಪ್ರತಿಮೆ ಅವನದ್ದೇ, ಚೆಂಡು ಹಿಡಿದು ಓಡುತ್ತಿರುವ ಭಂಗಿ. ಮ್ಯೂಸಿಯಂ ಬಾಗಿಲು ತೆರೆದಿದ್ದು 1963ರಲ್ಲಿ.

ಹಳೇ ಚರ್ಮದ ಹೆಲ್ಮೆಟ್ಟು, ಕೊಳೆ ಹತ್ತಿದ ಜರ್ಸಿ, ಟ್ರೋಫಿ, ದೊಡ್ಡ ಪರದೆಯ ವಿಡಿಯೋಗಳ ಬಗ್ಗೆ ನಾನು ಜಾಸ್ತಿ ಬರೆಯುವುದಿಲ್ಲ. ಅವೆಲ್ಲ ಚೆನ್ನಾಗಿವೆ, ಮಕ್ಕಳಿಗೆ ಖುಷಿಯಾಗುತ್ತದೆ. ನಾನು ಹೋಗಿದ್ದು ಕಂಚಿನ ಬಸ್ಟುಗಳಿರುವ ಗ್ಯಾಲರಿಗೆ. ಮಂದ ಬೆಳಕು, ಗೋಡೆಯುದ್ದಕ್ಕೂ ಸಾಲು ಸಾಲು ತಲೆಗಳು, ಪ್ರತಿಯೊಂದರ ಮೇಲೂ ಒಂದಿಷ್ಟು ಬೆಳಕು, ಕೆಳಗೆ ಹೆಸರು. ಜೋರಾಗಿ ಮಾತಾಡುತ್ತಾ ಬಂದವರೂ ಇಲ್ಲಿ ದನಿ ತಗ್ಗಿಸುತ್ತಾರೆ. ಒಳಗೆ ಬಂದ ವರ್ಷದ ಪ್ರಕಾರ ಜೋಡಿಸಿರುವುದರಿಂದ ಹುಡುಕುವುದು ಸುಲಭ: 2014ಕ್ಕೆ ಹೋಗಿ, ಮೈಕಲ್ ಸ್ಟ್ರೇಹನ್, ಡೆರಿಕ್ ಬ್ರೂಕ್ಸ್, ವಾಲ್ಟರ್ ಜೋನ್ಸ್ ಇವರ ಜೊತೆಯಲ್ಲೇ ರೇ ಗೈ ಸಿಗುತ್ತಾನೆ.

ಸಿಕ್ಕಿದ ಮೇಲೆ ಒಂದು ತಮಾಷೆ ಹೊಳೆಯಿತು. ಬಸ್ಟ್ ಅಂದರೆ ತಲೆ ಮತ್ತು ಭುಜ ಅಷ್ಟೇ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕಿಗೆ ಇದು ಸರಿ, ಅವನ ಆಟ ತಲೆಯಲ್ಲೇ ಇರುತ್ತದೆ ಅಂತಾರೆ. ಈ ಮನುಷ್ಯನನ್ನು ಇಲ್ಲಿಗೆ ತಂದಿದ್ದು ಬಲಗಾಲು. ಅದೊಂದು ಬಿಟ್ಟು ಮಿಕ್ಕಿದ್ದನ್ನು ಕಂಚಲ್ಲಿ ಎರಕ ಹೊಯ್ದು ಇಟ್ಟಿದ್ದಾರೆ.

ನನ್ನ ಜೊತೆ ಬಂದಿದ್ದ ಮಾವ ಕ್ರಿಕೆಟ್ ಬಿಟ್ಟರೆ ಬೇರೆ ಆಟದ ಕಡೆ ತಲೆ ಹಾಕಿದವರಲ್ಲ. ಪಂಟರ್ ಅಂದರೆ ಏನು ಅಂತ ಅವರಿಗೆ ವಿವರಿಸುತ್ತಾ ಹೋದೆ. ನಾಲ್ಕು ಸಲ ಅವಕಾಶ ಕೊಡುತ್ತಾರೆ ಮಾವ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಮೂರು ಸಲದಲ್ಲಿ ಆಗಲಿಲ್ಲ ಅಂದರೆ ನಾಲ್ಕನೆಯ ಸಲಕ್ಕೆ ಪಂಟರ್ ಬರುತ್ತಾನೆ, ಚೆಂಡನ್ನು ಕೈಯಿಂದ ಬಿಟ್ಟು ನೆಲ ಮುಟ್ಟುವ ಮೊದಲೇ ಒದ್ದು ಎದುರಾಳಿಗೆ ಕಳಿಸಿಬಿಡುತ್ತಾನೆ. ಮಾವ ಸ್ವಲ್ಪ ಯೋಚನೆ ಮಾಡಿದರು.

"ಅಲ್ಲ ಅಳಿಯಂದ್ರೇ, ಒದ್ದು ಅವರ ಕೈಗೇ ಕೊಟ್ಟುಬಿಟ್ಟರೆ ಚೆಂಡು ಹೋಯ್ತಲ್ಲ. ಇದಕ್ಕೆ ಸಂಬಳ ಬೇರೆ ಕೊಡ್ತಾರಾ?"

"ಕೊಡ್ತಾರೆ ಮಾವ. ಕೊಡೋದೇನೋ ಕೊಡಲೇಬೇಕು, ಎಲ್ಲಿ ಕೊಡ್ತೀವಿ ಅನ್ನೋದರಲ್ಲಿ ಎಲ್ಲಾ ಇರೋದು."

ನಿಜ ಹೇಳಬೇಕೆಂದರೆ ಮಾವನ ಪ್ರಶ್ನೆಯನ್ನೇ ಹಾಲ್‌ಗೆ ವೋಟು ಹಾಕುವವರೂ ಇಪ್ಪತ್ತೆರಡು ವರ್ಷ ಕೇಳುತ್ತಿದ್ದರು. ಪಂಟರ್ ಮೈದಾನಕ್ಕೆ ಬಂದ ಅಂದರೆ ನಮ್ಮ ಟೀಮ್ ಕೈಲಿ ಆಗಲಿಲ್ಲ ಅಂತಲೇ ಅರ್ಥ. ಜನ ತಿಂಡಿ ತರೋದಕ್ಕೆ ಏಳುವ ಹೊತ್ತು ಅದು. ಚೆನ್ನಾಗಿ ಬಿದ್ದ ಮೇಡನ್ ಓವರ್‌ಗೆ ಸ್ಟೇಡಿಯಂನಲ್ಲಿ ಯಾರೂ ಶಿಳ್ಳೆ ಹೊಡೆಯುವುದಿಲ್ಲ, ಆದರೆ ಮುಂದಿನ ಓವರಿನಲ್ಲಿ ವಿಕೆಟ್ ಬೀಳುವುದು ಅದರ ಒತ್ತಡಕ್ಕೇ. ಒಳ್ಳೆ ಪಂಟ್ ಕೂಡ ಅದೇ ಜಾತಿ.

ಒದೆಯುವುದು ನೋಡುವುದಕ್ಕೆ ಸುಲಭ. ಹದಿನೈದು ಗಜ ಮುಂದೆ ಬಗ್ಗಿ ನಿಂತ ಲಾಂಗ್ ಸ್ನ್ಯಾಪರ್ ತನ್ನ ಕಾಲುಗಳ ಸಂದಿನಿಂದ ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ, ಅದು ಮುಕ್ಕಾಲು ಸೆಕೆಂಡಿನಲ್ಲಿ ಬಂದು ತಲುಪುತ್ತದೆ. ಹಿಡಿಯಬೇಕು, ಕೈಯಲ್ಲೇ ತಿರುಗಿಸಿ ಸರಿ ಮಾಡಿಕೊಳ್ಳಬೇಕು, ಎರಡು ಹೆಜ್ಜೆ ಇಡಬೇಕು, ಚೆಂಡು ಬಿಡಬೇಕು, ಒದೆಯಬೇಕು. ಇದೆಲ್ಲಾ ಸುಮಾರು 1.3 ಸೆಕೆಂಡಿನಲ್ಲಿ ಮುಗಿಯಬೇಕು, ಇಲ್ಲದಿದ್ದರೆ ಎದುರಿಂದ ನುಗ್ಗಿ ಬರುವವರು ಮೈಮೇಲೆ ಬೀಳುತ್ತಾರೆ. ಕಾಲಿನ ಬಲಕ್ಕಿಂತ ಚೆಂಡು ಬಿಡುವ ಕೈಯೇ ಮುಖ್ಯ. ಆ ಮೊಟ್ಟೆಯಾಕಾರದ ಚೆಂಡು ಒಂದಿಷ್ಟು ಓರೆಯಾಗಿ ಬಿದ್ದರೂ ಪಾದಕ್ಕೆ ಸರಿಯಾಗಿ ಕೂರುವುದಿಲ್ಲ, ಎಲ್ಲಿಗೋ ಹೋಗುತ್ತದೆ.

ಇನ್ನು ದೂರ ಒಂದೇ ಸಾಲದು. ಚೆಂಡು ಗಾಳಿಯಲ್ಲಿ ಎಷ್ಟು ಹೊತ್ತು ಇರುತ್ತದೆ ಅನ್ನುವುದು ದೊಡ್ಡ ವಿಷಯ. ಹ್ಯಾಂಗ್ ಟೈಮ್ ಅಂತಾರೆ. ಪಂಟ್ ಟೀಮಿನ ಎರಡು ತುದಿಯಲ್ಲಿ ಗನ್ನರ್ ಅಂತ ಇಬ್ಬರು ನಿಂತಿರುತ್ತಾರೆ, ಅವರು 40 ಗಜವನ್ನು ನಾಲ್ಕೂವರೆ ಸೆಕೆಂಡಿನಲ್ಲಿ ಓಡುವ ಆಸಾಮಿಗಳು. ಚೆಂಡು ನಾಲ್ಕೂವರೆ, ಐದು ಸೆಕೆಂಡ್ ಮೇಲೇ ಇತ್ತು ಅಂದರೆ ಅದು ಕೆಳಗೆ ಇಳಿಯುವ ಹೊತ್ತಿಗೆ ಇವರು ಹಿಡಿಯುವವನ ಮೂಗಿನ ಮುಂದೆ ಇರುತ್ತಾರೆ. ಅವನು ಒಂದು ಹೆಜ್ಜೆ ಇಡುವ ಹಾಗಿಲ್ಲ. ಅದೇ 50 ಗಜದ ಚಪ್ಪಟೆ ಪಂಟ್ ಒದ್ದರೆ ಅವನಿಗೆ ಓಡುವುದಕ್ಕೆ ಮೈದಾನವೇ ಖಾಲಿ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಆ 50 ಗಜವೇ ದೊಡ್ಡದಾಗಿ ಕಾಣುತ್ತದೆ.

ಇಲ್ಲಿಂದಲೇ ರೇ ಗೈ ಕಥೆ ಶುರುವಾಗುವುದು. ಜಾರ್ಜಿಯಾ ರಾಜ್ಯದ ಥಾಮ್ಸನ್ ಎನ್ನುವ ಸಣ್ಣ ಊರಿನ ಹುಡುಗ. ಸದರ್ನ್ ಮಿಸ್ಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ಪಂಟ್ ಮಾಡುವುದರ ಜೊತೆಗೆ ಡಿಫೆನ್ಸ್‌ನಲ್ಲೂ ಆಡಿ ಎದುರಾಳಿಯ ಪಾಸುಗಳನ್ನು ಕಿತ್ತುಕೊಳ್ಳುತ್ತಿದ್ದ, 61 ಗಜ ದೂರದಿಂದ ಗೋಲು ಕಂಬಗಳ ನಡುವೆ ಚೆಂಡು ಒದ್ದು ಫೀಲ್ಡ್ ಗೋಲ್ ಹೊಡೆದಿದ್ದ, ಬೇಸ್‌ಬಾಲ್ ಟೀಮುಗಳೂ ಅವನ ಮೇಲೆ ಕಣ್ಣು ಹಾಕಿದ್ದವು. ಟೀಮುಗಳು ಸರದಿ ಪ್ರಕಾರ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1973ರಲ್ಲಿ, ಓಕ್‌ಲ್ಯಾಂಡ್ ರೈಡರ್ಸ್ ಟೀಮು ನಡೆಸುತ್ತಿದ್ದ ಆಲ್ ಡೇವಿಸ್ ಮೊದಲ ಸುತ್ತಿನಲ್ಲೇ, 23ನೆಯವನಾಗಿ ಅವನನ್ನು ಆರಿಸಿಕೊಂಡರು. ಅಲ್ಲಿವರೆಗೆ ಬರೀ ಪಂಟರ್ ಒಬ್ಬನನ್ನು ಮೊದಲ ಸುತ್ತಿನಲ್ಲಿ ಯಾರೂ ತೆಗೆದುಕೊಂಡಿರಲಿಲ್ಲ.

ಅವನು ಆಡಿದ್ದು 1973ರಿಂದ 1986ರವರೆಗೆ, 14 ಸೀಸನ್, ಎಲ್ಲಾ ಒಂದೇ ಟೀಮಿಗೆ. 207 ಪಂದ್ಯ, ನಡುವೆ ಒಂದನ್ನೂ ತಪ್ಪಿಸಿಲ್ಲ. 1,049 ಪಂಟ್, ಸರಾಸರಿ 42.4 ಗಜ. ಮೂರು ಸೂಪರ್ ಬೌಲ್ (ಲೀಗಿನ ಫೈನಲ್) ಗೆದ್ದ, ಏಳು ಸಲ ಪ್ರೊ ಬೌಲ್‌ಗೆ (ಆ ಸೀಸನ್ನಿನ ಒಳ್ಳೊಳ್ಳೆ ಆಟಗಾರರನ್ನು ಆರಿಸಿ ಆಡಿಸುವ ಪಂದ್ಯ) ಹೋದ.

ಅವನ ಬಗ್ಗೆ ಇರುವ ಕಥೆಗಳು ಅಂಕಿಗಳಿಗಿಂತ ರುಚಿ. 1976ರ ಪ್ರೊ ಬೌಲ್‌ನಲ್ಲಿ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್ ಚಾವಣಿಯಿಂದ ಇಳಿಬಿಟ್ಟಿದ್ದ ವಿಡಿಯೋ ಪರದೆಗೆ ಅವನ ಪಂಟ್ ಹೋಗಿ ಬಡಿಯಿತು. ಆಮೇಲೆ ಪರದೆಯನ್ನೇ ಇನ್ನಷ್ಟು ಮೇಲಕ್ಕೆ ಎತ್ತಿ ಕಟ್ಟಬೇಕಾಯಿತು. ಇನ್ನೊಂದು ಸಲ ಹೂಸ್ಟನ್ ಕೋಚ್ ಬಮ್ ಫಿಲಿಪ್ಸ್‌ಗೆ, ಇಷ್ಟು ಹೊತ್ತು ಮೇಲೆ ನಿಲ್ಲಬೇಕಾದರೆ ಚೆಂಡಿಗೆ ಹೀಲಿಯಂ ತುಂಬಿದ್ದಾರೆ ಅಂತ ಅನುಮಾನ ಬಂದು, ಒಂದು ಚೆಂಡನ್ನು ರೈಸ್ ವಿಶ್ವವಿದ್ಯಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸಿದರಂತೆ. ಸುಮಾರು 400 ಗ್ರಾಂ ತೂಗುವ ಚೆಂಡಿನಲ್ಲಿ ಗಾಳಿ ತೆಗೆದು ಹೀಲಿಯಂ ತುಂಬಿದರೂ ಕಡಿಮೆಯಾಗುವುದು ಹತ್ತು ಗ್ರಾಂ ಒಳಗೆ, ಅದರಿಂದ ಆಗುವ ಉಪಯೋಗ ಅಷ್ಟಕ್ಕಷ್ಟೇ. ಆದರೆ ಕೋಚ್ ಒಬ್ಬ ಚೆಂಡು ಹಿಡಿದುಕೊಂಡು ಲ್ಯಾಬಿಗೆ ಹೋಗುವ ಸ್ಥಿತಿ ತಂದಿಟ್ಟ ಅಂದರೆ ಒದೆಯುವವನ ಬಗ್ಗೆ ಇನ್ನೇನು ಹೇಳಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎರಡು ಸೂಪರ್ ಬೌಲ್ ಪಂಟ್‌ಗಳು. 1977ರ ಜನವರಿಯಲ್ಲಿ ಪ್ಯಾಸಡೀನಾದಲ್ಲಿ ಮಿನೆಸೋಟ ವೈಕಿಂಗ್ಸ್ ಮೇಲೆ ಆಡುವಾಗ ಫ್ರೆಡ್ ಮೆಕ್‌ನೀಲ್ ಅವನ ಪಂಟನ್ನು ತಡೆದುಬಿಟ್ಟ. ಎನ್‌ಎಫ್‌ಎಲ್‌ಗೆ ಬಂದ ಮೇಲೆ ಅವನ ಪಂಟ್ ಬ್ಲಾಕ್ ಆಗಿದ್ದು ಅದೇ ಮೊದಲು, ಅದೂ ಜಗತ್ತೇ ನೋಡುತ್ತಿರುವಾಗ. ವೈಕಿಂಗ್ಸ್‌ಗೆ ಚೆಂಡು ಸಿಕ್ಕಿದ್ದು ಗೋಲ್ ಲೈನಿಗೆ ಕೂಗಳತೆ ದೂರದಲ್ಲಿ. ಅವರು ಅಲ್ಲಿ ಚೆಂಡು ಕೈಬಿಟ್ಟರು, ರೈಡರ್ಸ್ ಹಿಡಿದುಕೊಂಡರು, ಪಂದ್ಯ 32–14ರಲ್ಲಿ ಗೆದ್ದರು. ಅದೃಷ್ಟ ಅಂತ ಇಟ್ಟುಕೊಳ್ಳೋಣ.

ಎರಡನೆಯದರಲ್ಲಿ ಅದೃಷ್ಟ ಏನಿಲ್ಲ. 1984ರ ಜನವರಿ, ಟ್ಯಾಂಪಾ, ಎದುರಿಗೆ ವಾಷಿಂಗ್ಟನ್. ರೈಡರ್ಸ್ ಆಗ ಲಾಸ್ ಏಂಜಲೀಸ್‌ಗೆ ಹೋಗಿಯಾಗಿತ್ತು. ಸ್ನ್ಯಾಪ್ ತಲೆ ಮೇಲೆ ಹಾರಿಹೋಗುವಷ್ಟು ಎತ್ತರಕ್ಕೆ ಬಂತು. ಹೋಗಿದ್ದರೆ ಎದುರಾಳಿಗೆ ಹಬ್ಬ. ಗೈ ಮೇಲಕ್ಕೆ ಜಿಗಿದು ಒಂದೇ ಕೈಯಲ್ಲಿ ಚೆಂಡು ಹಿಡಿದ, ಕೆಳಗೆ ಇಳಿದ, ಏನೂ ಆಗಿಲ್ಲ ಅನ್ನುವಂತೆ 42 ಗಜ ಒದ್ದ. ಇಂಟರ್‌ನೆಟ್‌ನಲ್ಲಿ ಈ ತುಣುಕು ಸಿಗುತ್ತದೆ, ಹುಡುಕಿ ನೋಡಿ. ಅವನ ಮೈಯಲ್ಲಿ ಗಡಿಬಿಡಿ ಎಲ್ಲೂ ಕಾಣುವುದಿಲ್ಲ. ಆ ಪಂದ್ಯ 38–9 ಆಯಿತು, ಹಾಗಾಗಿ ಆ ಹಿಡಿತವನ್ನು ಪಂದ್ಯ ಗೆಲ್ಲಿಸಿದ್ದು ಅಂತ ಯಾರೂ ಬರೆದುಕೊಳ್ಳಲಿಲ್ಲ.

ಇದೇ ಪಂಟರ್‌ಗಳ ಹಣೆಬರಹ. ಮಾಡಿದ ಕೆಲಸ ಲೆಕ್ಕಕ್ಕೆ ಸಿಗುವುದಿಲ್ಲ. ಎದುರಾಳಿಯನ್ನು ಅವರದೇ ಗೋಲ್ ಲೈನಿನಿಂದ 20 ಗಜದೊಳಗೆ ಕಟ್ಟಿಹಾಕಿದ ಪಂಟ್‌ಗಳನ್ನು ಲೀಗ್ ಎಣಿಸುವುದಕ್ಕೆ ಶುರು ಮಾಡಿದ್ದೇ 1976ರಲ್ಲಿ. ಗೈ ಆಡಿದ ಮೊದಲ ಮೂರು ಸೀಸನ್‌ಗಳು ಆ ಲೆಕ್ಕದಲ್ಲೇ ಇಲ್ಲ. ಆದರೂ ಅವನ ಹೆಸರಿನಲ್ಲಿ 210 ಇವೆ. ಹ್ಯಾಂಗ್ ಟೈಮಿಗಂತೂ ಆಗ ಅಧಿಕೃತ ದಾಖಲೆ ಅನ್ನುವುದೇ ಇರಲಿಲ್ಲ. ಉಳಿದಿದ್ದು ಸರಾಸರಿ ದೂರ ಒಂದೇ, ಅದರಲ್ಲಿ ಅವನಿಗಿಂತ ಮುಂದಿರುವವರು ಬೇಕಾದಷ್ಟು ಜನ. ಸ್ಯಾಮಿ ಬಾ 1940ರಲ್ಲೇ ಸರಾಸರಿ 51.4 ಗಜ ಒದ್ದಿದ್ದ. ಅವನ ಹೆಸರು 1963ರ ಮೊದಲ ಸಾಲಿನಲ್ಲೇ ಇದೆ, ಆದರೆ ಅವನು ಮುಖ್ಯವಾಗಿ ಚೆಂಡು ಎಸೆಯುವವನು. ಬೇರೆ ಕೆಲಸದ ಜೊತೆ ಪಂಟ್ ಮಾಡಿದರೆ ಶಹಬ್ಬಾಸ್, ಅದೊಂದೇ ಮಾಡಿದರೆ ಅದೇನು ಮಹಾ ಅನ್ನುವ ಧೋರಣೆ. ಫೀಲ್ಡ್ ಗೋಲ್ ಒದೆಯುವ ಯಾನ್ ಸ್ಟೆನರುಡ್ 1991ರಲ್ಲಿ ಒಳಗೆ ಬಂದ. ಅವನ ಒದೆತಕ್ಕೆ ಸ್ಕೋರ್‌ಬೋರ್ಡ್‌ನಲ್ಲಿ ಮೂರು ಅಂಕ ಏರುತ್ತದೆ ನೋಡಿ.

ಗೈ ಮತ್ತೆ ಮತ್ತೆ ಕೊನೆ ಸುತ್ತಿನವರೆಗೆ ಬಂದು ವಾಪಸ್ ಹೋದ. 2014ರ ಆಗಸ್ಟ್‌ನಲ್ಲಿ ಕೊನೆಗೂ ಹಾಲ್‌ಗೆ ಸೇರಿದವರಿಗೆ ಕೊಡುವ ಚಿನ್ನದ ಬಣ್ಣದ ಕೋಟು ಹಾಕಿಕೊಂಡು ನಿಂತಾಗ, ಈಗ ಈ ಹಾಲ್‌ನ ಟೀಮ್ ಪೂರ್ತಿ ಆಯಿತು ಎಂಬರ್ಥದ ಮಾತಾಡಿದ. ಅದರಲ್ಲಿ ಕುಟುಕು ಇತ್ತು, ಹಕ್ಕೂ ಇತ್ತು.

ಮ್ಯೂಸಿಯಂನ ಸೂಪರ್ ಬೌಲ್ ಗ್ಯಾಲರಿಯಲ್ಲಿ ಗೆದ್ದ ಟೀಮುಗಳ ಉಂಗುರಗಳನ್ನು ಸಾಲಾಗಿ ಇಟ್ಟಿದ್ದಾರೆ. ಹಳೇ ವರ್ಷಗಳವು ಸಾಧಾರಣ ಗಾತ್ರ, ಈಚಿನವು ಬೆರಳಿಗೆ ಹಾಕಿಕೊಂಡರೆ ಕೈ ಎತ್ತಲು ಆಗುತ್ತೋ ಇಲ್ಲವೋ ಅನ್ನುವಷ್ಟು ದಪ್ಪ. ಎಲ್ಲರೂ ಇಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ನನಗೆ ಅಲ್ಲಿ ನೆನಪಾಗಿದ್ದು ಬೇರೆ. ಗೈ ಸಾಲದಲ್ಲಿ ಮುಳುಗಿ ದಿವಾಳಿ ಅರ್ಜಿ ಹಾಕಿದ್ದ, 2011ರಲ್ಲಿ ಅವನ ಮೂರೂ ಉಂಗುರಗಳು ಹರಾಜಿಗೆ ಹೋಗಿ 96,216 ಡಾಲರಿಗೆ ಮಾರಾಟವಾದವು. ಇದಾಗಿ ಮೂರು ವರ್ಷಕ್ಕೆ ಅವನನ್ನು ಹಾಲ್‌ಗೆ ಕರೆದರು. ಹತ್ತು ವರ್ಷ ಮೊದಲೇ ಕರೆದಿದ್ದರೆ ಏನಾದರೂ ಬದಲಾಗುತ್ತಿತ್ತೋ ಇಲ್ಲವೋ, ಆದರೆ ಉಂಗುರಗಳ ಮುಂದೆ ನಿಂತಾಗ ಆ ಯೋಚನೆ ಬರದೇ ಇರುವುದಿಲ್ಲ. ಅವನು ತೀರಿಕೊಂಡಿದ್ದು 2022ರ ನವೆಂಬರ್‌ನಲ್ಲಿ, 72ನೇ ವಯಸ್ಸಿಗೆ. ಕಾಲೇಜು ಮಟ್ಟದ ಒಳ್ಳೆಯ ಪಂಟರ್‌ಗೆ ಪ್ರತಿವರ್ಷ ಅವನ ಹೆಸರಿನಲ್ಲೇ ಪ್ರಶಸ್ತಿ ಕೊಡುತ್ತಾರೆ, 2000ದಿಂದಲೂ.

ಅವನ ನಂತರದವರ ವಿಷಯಕ್ಕೆ ಬಂದರೆ ಸಿಟ್ಟು ಇನ್ನೂ ಸ್ವಲ್ಪ ಏರುತ್ತದೆ. ಶೇನ್ ಲೆಕ್ಲರ್ 2000ದಿಂದ 2017ರವರೆಗೆ ಆಡಿದ, ಅದರಲ್ಲಿ ಹೆಚ್ಚಿನ ವರ್ಷ ಅದೇ ರೈಡರ್ಸ್‌ಗೆ. ಸರಾಸರಿ 47.6 ಗಜ. ಏಳು ಪ್ರೊ ಬೌಲ್. ದೂರವೇ ಬೇಕು ಅಂದಿದ್ದರಲ್ಲಾ, ತಗೊಳ್ಳಿ ದೂರ. ಅವನೂ ಹೊರಗೇ ಇದ್ದಾನೆ. ರಯಾನ್ ಸ್ಟೋನ್‌ಹೌಸ್ 2022ರಲ್ಲಿ ಟೆನೆಸ್ಸೀ ಟೀಮಿಗೆ ಬಂದ ಮೊದಲ ವರ್ಷವೇ 53.1 ಗಜದ ಸರಾಸರಿ ಒದ್ದು ಸ್ಯಾಮಿ ಬಾನ 82 ವರ್ಷ ಹಳೇ ದಾಖಲೆಯನ್ನು ಮುರಿದ. ಎಷ್ಟು ಜನಕ್ಕೆ ಆ ಹೆಸರು ಗೊತ್ತು ಹೇಳಿ?

ಆಸ್ಟ್ರೇಲಿಯಾದಿಂದ ಬಂದವರದ್ದು ಇನ್ನೊಂದೇ ಕಥೆ. ಅವರ ಊರಿನ ಫುಟ್‌ಬಾಲ್‌ನಲ್ಲಿ ಓಡುತ್ತಾ ಚೆಂಡು ಒದೆಯುವುದು ಚಿಕ್ಕಂದಿನಿಂದ ಅಭ್ಯಾಸ. ಮೆಲ್ಬರ್ನ್‌ನಲ್ಲಿ ಪ್ರೊಕಿಕ್ ಆಸ್ಟ್ರೇಲಿಯಾ ಅಂತ ಒಂದು ತರಬೇತಿ ಕೇಂದ್ರವೇ ಇದೆ, ಅಲ್ಲಿಂದ ಅಮೆರಿಕದ ಕಾಲೇಜುಗಳಿಗೆ ಪಂಟರ್‌ಗಳು ಹೋಗುತ್ತಲೇ ಇರುತ್ತಾರೆ. ಸಿಯಾಟಲ್‌ಗೆ ಆಡಲು ಬಂದ ಮೈಕಲ್ ಡಿಕ್ಸನ್ ಅಲ್ಲಿ ಕಲಿತವನೇ. 2021ರಲ್ಲಿ ಒಂದು ಪಂದ್ಯದಲ್ಲಿ ಅವನ ಪಂಟ್ ಬ್ಲಾಕ್ ಆಗಿ ಚೆಂಡು ನೆಲದಲ್ಲಿ ಉರುಳಿತು. ಅವನು ಓಡಿಹೋಗಿ ಅದನ್ನೇ ಎತ್ತಿಕೊಂಡು, ಓಡುತ್ತಲೇ ಇನ್ನೊಂದು ಸಲ ಒದ್ದ, 68 ಗಜ ಹೋಯಿತು! ಕಾಮೆಂಟರಿ ಹೇಳುವವರಿಗೇ ಇದು ನಿಯಮದಲ್ಲಿ ಇದೆಯಾ ಅಂತ ಗೊಂದಲವಾಗಿತ್ತು.

ಸರಿ, ಹೋಗುವವರಿಗೆ ಬೇಕಾದ ಒಂದೆರಡು ಮಾತು. ಟಿಕೆಟ್ ಅಗ್ಗ ಅಲ್ಲ, ನಾಲ್ಕು ಜನರ ಮನೆಗೆ ಲೆಕ್ಕ ಹಾಕಿದರೆ ಎದೆ ಸ್ವಲ್ಪ ಝಲ್ ಅನ್ನುತ್ತದೆ, ಪಾರ್ಕಿಂಗ್ ಬೇರೆ. ದರ ಬದಲಾಗುತ್ತಾ ಇರುತ್ತದೆ, ಹೊರಡುವ ಮುಂಚೆ ಅವರ ವೆಬ್‌ಸೈಟ್ ನೋಡಿ. ಆಗಸ್ಟ್ ಮೊದಲ ವಾರ ಹೊಸಬರನ್ನು ಸೇರಿಸಿಕೊಳ್ಳುವ ಸಮಾರಂಭ ಇರುತ್ತದೆ, ಪಕ್ಕದ ಸ್ಟೇಡಿಯಂನಲ್ಲಿ ಪಂದ್ಯವೂ ಇರುತ್ತದೆ. ಜಾತ್ರೆ ಇಷ್ಟವಿದ್ದರೆ ಆಗಲೇ ಹೋಗಿ. ಬಸ್ಟುಗಳ ಮುಂದೆ ನೆಮ್ಮದಿಯಾಗಿ ನಿಲ್ಲಬೇಕು ಅಂದರೆ ಬೇರೆ ಯಾವುದಾದರೂ ವಾರದ ನಡುವಿನ ದಿನ ಒಳ್ಳೆಯದು. ಹಿರಿಯರು ಜೊತೆಗಿದ್ದರೆ ನಡೆಯುವುದು ಜಾಸ್ತಿ ಇದೆ ಅಂತ ಮೊದಲೇ ಹೇಳಿಡಿ. ಸಸ್ಯಾಹಾರಿಗಳು ಮನೆಯಿಂದ ಚಿತ್ರಾನ್ನವೋ ಚಪಾತಿ ರೋಲೋ ಕಟ್ಟಿಕೊಂಡು ಕಾರಿನಲ್ಲಿ ಇಟ್ಟಿರಿ, ಹೈವೇ ಮೇಲೆ ನಮಗೆ ಸಿಕ್ಕ ಒಂದು ಅಂಗಡಿಯಲ್ಲಿ ಆರಿಹೋದ ಫ್ರೆಂಚ್ ಫ್ರೈಸ್ ಬಿಟ್ಟರೆ ಗತಿ ಇರಲಿಲ್ಲ.

ಆಟ ಗೊತ್ತಿಲ್ಲದವರನ್ನು ಕರೆದುಕೊಂಡು ಹೋಗುವುದಾದರೆ ಹಿಂದಿನ ರಾತ್ರಿ ಒಂದು ಪಂದ್ಯದ ಹತ್ತು ನಿಮಿಷ ತೋರಿಸಿ. ನಾಲ್ಕನೆಯ ಅವಕಾಶ ಅಂದರೆ ಏನು ಅಂತ ಒಂದು ಸಲ ಹೊಳೆದರೆ ಸಾಕು, ಮಿಕ್ಕಿದ್ದು ತಾನಾಗೇ ಅರ್ಥವಾಗುತ್ತದೆ. ಸಮಯ ಉಳಿದರೆ ಅದೇ ಊರಿನಲ್ಲಿ ಅಮೆರಿಕದ ಅಧ್ಯಕ್ಷನಾಗಿದ್ದ ವಿಲಿಯಂ ಮೆಕಿನ್ಲಿಯ ಸಮಾಧಿ ಇದೆ, 108 ಮೆಟ್ಟಿಲು. ಮಾವ ಎಲ್ಲಾ ಹತ್ತಿದರು, ನಾನು ಕೆಳಗೆ ಕಾರಿನ ಹತ್ತಿರ ಕೂತು ಲೆಕ್ಲರ್‌ನ ಹಳೇ ವಿಡಿಯೋ ನೋಡಿದೆ.